ಮನೆಯ ಬಿಸಿಲು, ಊರಿನ ತಂತಿ

ನಂದಗಡ ಎಂದೊಡನೆ ನಮಗೆ ನೆನಪಾಗುವುದು ಸಂಗೊಳ್ಳಿ ರಾಯಣ್ಣ. 1831ರ ಜನವರಿ 26ರಂದು ಆ ವೀರನನ್ನು ಗಲ್ಲಿಗೇರಿಸಿದ ಊರು ಇದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಪಶ್ಚಿಮ ಘಟ್ಟದ ಮಗ್ಗುಲಲ್ಲಿರುವ ಈ ಭಾಗದಲ್ಲಿ ಮಳೆಯೂ ಹೆಚ್ಚು, ಮರಗಳೂ ಹೆಚ್ಚು. ಮಳೆಗಾಲದಲ್ಲಿ ಗಾಳಿ ಬೀಸಿ ಟೊಂಗೆಯೊಂದು ತಂತಿಯ ಮೇಲೆ ಬಿದ್ದರೆ ಸಾಕು, ಆ ಮಾರ್ಗದ ಹಳ್ಳಿಗಳಿಗೆಲ್ಲ ಕರೆಂಟು ನಿಂತುಹೋಗುತ್ತದೆ. ಮೋಡ ಸರಿದು ಬಿಸಿಲು ಬಂದರೂ ಕರೆಂಟು ಬಂದಿರುವುದಿಲ್ಲ. ತಂತಿ ಕಡಿದ ಜಾಗವನ್ನು ಹುಡುಕುತ್ತ ಲೈನ್‌ಮನ್ ಇನ್ನೂ ಕಾಡಂಚಿನ ಕಂಬದಿಂದ ಕಂಬಕ್ಕೆ ನಡೆಯುತ್ತಿರುತ್ತಾರೆ.

ಇಂಥ ಒಂದು ಊರಿನ ಮನೆಯ ಮಾಳಿಗೆಯ ಮೇಲೆ 3 ಕಿಲೊವ್ಯಾಟ್ ಸಾಮರ್ಥ್ಯದ ಸೌರಫಲಕಗಳಿವೆ, ಅವನ್ನು ವಿದ್ಯುಜ್ಜಾಲಕ್ಕೆ ಜೋಡಿಸಲಾಗಿದೆ ಎಂದುಕೊಳ್ಳೋಣ. ಫಲಕಗಳ ಮೇಲೆ ಒಳ್ಳೆಯ ಬಿಸಿಲು ಬಿದ್ದಿದೆ. ಆದರೂ ಮನೆಯಲ್ಲಿ ಫ್ಯಾನು ತಿರುಗುವುದಿಲ್ಲ, ಮಿಕ್ಸರ್ ಓಡುವುದಿಲ್ಲ. ‘ನಮ್ಮ ಮನೆಯ ಮೇಲೇ ಕರೆಂಟು ತಯಾರಾಗುತ್ತಿರುವಾಗ ನಮಗೇಕೆ ಕರೆಂಟಿಲ್ಲ?’ ಎಂದು ಆ ಮನೆಯ ವಿದ್ಯಾರ್ಥಿ ಶಾಲೆಯಲ್ಲಿ ಕೇಳಿದರೆ ವಿಜ್ಞಾನ ಶಿಕ್ಷಕರು ಏನು ಉತ್ತರ ಕೊಡಬೇಕು?

ಉತ್ತರ ಸೌರಫಲಕದಲ್ಲಿಲ್ಲ. ಅದು ಮೀಟರಿನ ಮತ್ತು ಇನ್ವರ್ಟರಿನ ಇತಿಹಾಸದಲ್ಲಿದೆ. ಮನೆಯ ಸೌರವಿದ್ಯುತ್ತು ಊರಿನ ತಂತಿಯನ್ನು ಸೇರಬೇಕಾದರೆ ಎರಡು ವಿಷಯಗಳಲ್ಲಿ ಒಪ್ಪಂದವಾಗಬೇಕಿತ್ತು. ಕೊಟ್ಟದ್ದನ್ನೂ ಪಡೆದದ್ದನ್ನೂ ಎಣಿಸುವುದು ಹೇಗೆ ಎಂಬುದು ಒಂದು. ತಂತಿಯ ಸಂಬಂಧವನ್ನು ಯಾವಾಗ ಕಡಿದುಕೊಳ್ಳಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಕಲಿಯಲು ಸುಮಾರು 40 ವರ್ಷ ಹಿಡಿಯಿತು.

ತಂತಿಯಿಲ್ಲದ ದೀಪಗಳು

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿಯೇ ಗಮನಿಸಿದ್ದ. ಆದರೆ ಕೆಲಸಕ್ಕೆ ಬರುವಂಥ ಸಿಲಿಕಾನ್ ಸೌರಕೋಶ ತಯಾರಾದದ್ದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ ರೂಪಿಸಿದ ಆ ಕೋಶದ ದಕ್ಷತೆ ಸುಮಾರು ಶೇ. 6. ಬೆಲೆ ಬಹಳ ದುಬಾರಿಯಾಗಿದ್ದುದರಿಂದ ಮೊದಲ ವರ್ಷಗಳಲ್ಲಿ ಅದು ಹೆಚ್ಚಾಗಿ ಬಳಕೆಯಾದದ್ದು ಕೃತಕ ಉಪಗ್ರಹಗಳಲ್ಲಿ.

ನಮ್ಮ ನಾಡಿನ ಮನೆಗಳಿಗೆ ಸೌರವಿದ್ಯುತ್ತು ಬಂದದ್ದು ತಂತಿಗೆ ಬದಲಿಯಾಗಿ. 1995ರಲ್ಲಿ ಹರೀಶ್ ಹಂದೆಯವರು ನೆವಿಲ್ ವಿಲಿಯಮ್ಸ್ ಜೊತೆಗೂಡಿ ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆಯನ್ನು ಆರಂಭಿಸಿದರು. ಈ ಕೆಲಸಕ್ಕಾಗಿ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಸಾಲ ಕೊಡುವವರಿಲ್ಲದೆ ಹಳ್ಳಿಯ ಮನೆಗೆ ಸೌರದೀಪ ಕೊಳ್ಳುವುದು ಕಷ್ಟವಾಗಿತ್ತು. ಮಲಪ್ರಭಾ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅದೇ ನದಿಯ ಹೆಸರು ಹೊತ್ತಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು ಮನೆಯ ಸೌರದೀಪಗಳಿಗೆ ಸಾಲ ಕೊಡಲು ಮುಂದಾದ ಬ್ಯಾಂಕುಗಳಲ್ಲೊಂದು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಇಂಥ ಸಾಲದ ಯೋಜನೆಯನ್ನು ಕೈಗೊಂಡವು.

ಆ ಕಾಲದ ವ್ಯವಸ್ಥೆ ಸರಳ. ಸುಮಾರು 35 ಅಥವಾ 40 ವ್ಯಾಟ್‌ನ ಒಂದು ಫಲಕ, 12 ವೋಲ್ಟಿನ ಒಂದು ಸೀಸ-ಆಮ್ಲ ಬ್ಯಾಟರಿ, ಮೂರು ನಾಲ್ಕು ದೀಪಗಳು. ಇದರಿಂದ ಮಕ್ಕಳ ಓದಿಗೆ, ಅಡುಗೆಮನೆಗೆ ಬೆಳಕಾಯಿತು. ಆದರೆ ಎರಡು ಕೊರತೆಗಳಿದ್ದವು. ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಿತ್ತು. ಅಲ್ಲದೆ ಬ್ಯಾಟರಿ ತುಂಬಿದ ಮೇಲೆ ಬೀಳುವ ಬಿಸಿಲು ಯಾವ ಕೆಲಸಕ್ಕೂ ಬಾರದೆ ವ್ಯರ್ಥವಾಗುತ್ತಿತ್ತು. ಹೆಚ್ಚಾದದ್ದನ್ನು ನೆರೆಮನೆಗೆ ಕೊಡುವಂತಿದ್ದರೆ ಎಂಬ ವಿಚಾರ ಇಲ್ಲಿಂದಲೇ ಹುಟ್ಟುತ್ತದೆ. ನೆರೆಮನೆಗೆ ಕೊಡಲು ತಂತಿ ಬೇಕು, ಆ ತಂತಿ ಊರಿನಲ್ಲಿ ಆಗಲೇ ಇದೆ.

ಹಿಮ್ಮುಖವಾಗಿ ತಿರುಗಿದ ಮೀಟರು

ಈ ವಿಚಾರವನ್ನು ಮೊದಲು ಪರೀಕ್ಷಿಸಿದವರಲ್ಲಿ ನ್ಯೂಯಾರ್ಕ್ ನಗರದ ಒಂದು ಹಳೆಯ ವಸತಿ ಕಟ್ಟಡದ ನಿವಾಸಿಗಳೂ ಇದ್ದರು. 1976ರಲ್ಲಿ ಅವರು ಕಟ್ಟಡದ ಮೇಲೆ ಸುಮಾರು 2 ಕಿಲೊವ್ಯಾಟ್‌ನ ಗಾಳಿಯಂತ್ರವನ್ನು ನಿಲ್ಲಿಸಿ, ಅದನ್ನು ನಗರದ ತಂತಿಗೆ ಜೋಡಿಸಿದರು. ಗಾಳಿ ಜೋರಾಗಿ ಬೀಸಿದಾಗ ಕಟ್ಟಡದ ಮೀಟರು ಹಿಂದಕ್ಕೆ ತಿರುಗತೊಡಗಿತು! ವಿದ್ಯುತ್ ಕಂಪನಿ ಇದನ್ನು ಒಪ್ಪಲಿಲ್ಲ. ವಿವಾದ ಅಲ್ಲಿನ ನಿಯಂತ್ರಣ ಆಯೋಗದವರೆಗೆ ಹೋಗಿ, ಕೊನೆಗೆ ನಿವಾಸಿಗಳಿಗೆ ಅನುಮತಿ ಸಿಕ್ಕಿತು. 1978ರಲ್ಲಿ ಅಮೆರಿಕ ಒಂದು ಕಾನೂನು ಮಾಡಿ, ಸಣ್ಣ ಉತ್ಪಾದಕರಿಂದಲೂ ವಿದ್ಯುತ್ ಕಂಪನಿಗಳು ವಿದ್ಯುತ್ತನ್ನು ಕೊಳ್ಳಬೇಕೆಂದು ವಿಧಿಸಿತು.

ಮೀಟರು ಹಿಂದಕ್ಕೆ ತಿರುಗಿದ್ದು ಏಕೆ? ಹಳೆಯ ಮೀಟರಿನೊಳಗಿನ ಅಲ್ಯೂಮಿನಿಯಂ ತಟ್ಟೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವೋಲ್ಟೇಜಿನ ಸುರುಳಿ ಮತ್ತು ಪ್ರವಾಹದ ಸುರುಳಿ ಸೇರಿ ತಟ್ಟೆಯಲ್ಲಿ ಸುಳಿಪ್ರವಾಹವನ್ನು ಹುಟ್ಟಿಸಿ ಅದನ್ನು ತಿರುಗಿಸುತ್ತವೆ. ಶಕ್ತಿ ಮನೆಯೊಳಕ್ಕೆ ಹರಿದರೆ ತಟ್ಟೆ ಮುಂದಕ್ಕೆ ತಿರುಗುತ್ತದೆ. ಮನೆಯಿಂದ ಹೊರಕ್ಕೆ ಹರಿದರೆ ಹಿಂದಕ್ಕೆ ತಿರುಗುತ್ತದೆ. ‘ನೆಟ್ ಮೀಟರಿಂಗ್’ ಎಂಬ ಲೆಕ್ಕದ ಪದ್ಧತಿಗೆ ಮೊದಲ ದಾರಿ ತೋರಿಸಿದ್ದು ಈ ತಟ್ಟೆ.

1980ರ ದಶಕದ ಆರಂಭದಲ್ಲಿ ವಾಸ್ತುಶಿಲ್ಪಿ ಸ್ಟೀವನ್ ಸ್ಟ್ರಾಂಗ್ ಮಸಾಚುಸೆಟ್ಸ್ ರಾಜ್ಯದ ಕಾರ್ಲೈಲ್‌ನಲ್ಲಿ ಸುಮಾರು 7 ಕಿಲೊವ್ಯಾಟ್‌ನ ಸೌರಫಲಕಗಳಿದ್ದ, ಜಾಲಕ್ಕೆ ಜೋಡಿಸಿದ ಮನೆಯನ್ನು ಕಟ್ಟಿದರು. 1983ರಲ್ಲಿ ಮಿನ್ನೆಸೋಟ ರಾಜ್ಯ ನೆಟ್ ಮೀಟರಿಂಗ್ ಕಾನೂನನ್ನು ತಂದಿತು. ಜರ್ಮನಿ 1990ರಲ್ಲಿ ‘ಸಾವಿರ ಸೂರು’ ಕಾರ್ಯಕ್ರಮವನ್ನು ಆರಂಭಿಸಿತು. 2000ದಲ್ಲಿ ಅದು ಮಾಡಿದ ಕಾನೂನು ಸೌರವಿದ್ಯುತ್ತಿಗೆ ದೀರ್ಘಕಾಲದ ನಿಗದಿತ ದರವನ್ನು ಖಾತ್ರಿಪಡಿಸಿತು. ಬೇಡಿಕೆ ಬೆಳೆದಂತೆ ಕಾರ್ಖಾನೆಗಳು ಬೆಳೆದು, ಫಲಕದ ಬೆಲೆ ಜಗತ್ತಿನಾದ್ಯಂತ ಇಳಿಯತೊಡಗಿತು.

ನಮ್ಮಲ್ಲಿ ಮಾತ್ರ ಹಳೆಯ ತಟ್ಟೆಯ ಮೀಟರುಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಮೀಟರುಗಳು ಬಂದವು. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2006ರ ನಿಯಮಗಳು ಇವನ್ನು ಕಡ್ಡಾಯಗೊಳಿಸಿದವು. ಕಳ್ಳತನವನ್ನು ತಡೆಯಲೆಂದು ಇಂಥ ಅನೇಕ ಮೀಟರುಗಳಲ್ಲಿ, ಶಕ್ತಿ ಯಾವ ದಿಕ್ಕಿಗೆ ಹರಿದರೂ ಅದನ್ನು ಬಳಕೆ ಎಂದೇ ಎಣಿಸುವ ಏರ್ಪಾಡಿದೆ. ಅಂಥ ಮೀಟರಿರುವ ಮನೆಯಲ್ಲಿ ಸೌರಫಲಕವನ್ನು ಹಾಗೆಯೇ ಜೋಡಿಸಿದರೆ, ಊರಿಗೆ ಕೊಟ್ಟ ವಿದ್ಯುತ್ತಿಗೂ ತಾವೇ ಹಣ ಕಟ್ಟಬೇಕಾದೀತು! ಅದಕ್ಕಾಗಿಯೇ ಪಡೆದದ್ದನ್ನೂ ಕೊಟ್ಟದ್ದನ್ನೂ ಬೇರೆ ಬೇರೆಯಾಗಿ ದಾಖಲಿಸುವ ದ್ವಿಮುಖ ಮೀಟರು ಬೇಕಾಗುತ್ತದೆ.

ಜೋಕಾಲಿ ತೂಗುವ ಲೆಕ್ಕ

ಸೌರಫಲಕ ಕೊಡುವುದು ನೇರ ವಿದ್ಯುತ್ತು. ಊರಿನ ತಂತಿಯಲ್ಲಿರುವುದು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು, ಮನೆಯ ಬಳಿ ಅದರ ವೋಲ್ಟೇಜು 230. ಇವೆರಡನ್ನೂ ಜೋಡಿಸುವುದು ಇನ್ವರ್ಟರಿನ ಕೆಲಸ.

ನಾಗರ ಪಂಚಮಿಯ ಜೋಕಾಲಿಯನ್ನು ನೆನಪಿಸಿಕೊಳ್ಳಿ. ಜೋಕಾಲಿ ಆಗಲೇ ತೂಗುತ್ತಿದೆ. ಅದಕ್ಕೆ ಇನ್ನಷ್ಟು ಬಲ ಕೊಡಬೇಕಾದರೆ ಅದರ ಗತಿಗೆ ಸರಿಯಾಗಿ ನೂಕಬೇಕು. ಎದುರಿಗೆ ಬರುತ್ತಿರುವಾಗ ನೂಕಿದರೆ ಪೆಟ್ಟಾಗುತ್ತದೆ. ಜಾಲಕ್ಕೆ ಜೋಡಿಸಿದ ಇನ್ವರ್ಟರ್ ಮಾಡುವುದೂ ಇದನ್ನೇ. ತಂತಿಯಲ್ಲಿ ಬರುವ ಅಲೆಯ ಆವೃತ್ತಿಯನ್ನೂ ಏರಿಳಿತವನ್ನೂ ಗಮನಿಸಿ, ತನ್ನ ಅಲೆಯನ್ನು ಅದಕ್ಕೆ ಹೊಂದಿಸಿಕೊಂಡು ವಿದ್ಯುತ್ತನ್ನು ತಳ್ಳುತ್ತದೆ. ಮನೆಯಲ್ಲಿ ಕರೆಂಟು ಹೋದಾಗ ಬಳಸುವ ಬ್ಯಾಟರಿಯ ಇನ್ವರ್ಟರು ತಾನೇ ಅಲೆಯನ್ನು ಸೃಷ್ಟಿಸುತ್ತದೆ. ಜಾಲದ ಇನ್ವರ್ಟರು ಸಾಮಾನ್ಯವಾಗಿ ಇನ್ನೊಂದು ಅಲೆಯನ್ನು ಹಿಂಬಾಲಿಸುತ್ತದೆ. ಜೋಕಾಲಿಯೇ ನಿಂತುಹೋದರೆ ಅದಕ್ಕೆ ಅನುಸರಿಸಲು ಗತಿಯೇ ಇರುವುದಿಲ್ಲ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಇದು ಅರ್ಧ ಉತ್ತರ. ಉಳಿದ ಅರ್ಧ ಇನ್ನೂ ಮಹತ್ವದ್ದು.

ಕಂಬದ ಮೇಲಿನ ಜೀವ

ಊರಿನ ಟಿ.ಸಿ. 11,000 ವೋಲ್ಟನ್ನು ಇಳಿಸಿ ಮನೆಗಳಿಗೆ ಕೊಡುತ್ತದೆ ಎಂದು ನಾವು ಪಾಠ ಮಾಡುತ್ತೇವೆ. ಆದರೆ ಟ್ರಾನ್ಸ್‌ಫಾರ್ಮರಿಗೆ ಇದು ಏರಿಸುವ ಕಡೆ, ಇದು ಇಳಿಸುವ ಕಡೆ ಎಂಬ ಭೇದ ತಿಳಿಯದು. ಮನೆಗಳ ಕಡೆಯಿಂದ ವಿದ್ಯುತ್ತು ಬಂದರೆ ಅದನ್ನು ಅದೇ ಅನುಪಾತದಲ್ಲಿ ಏರಿಸುತ್ತದೆ. 11,000/433 ವೋಲ್ಟಿನ ಟಿ.ಸಿ.ಯಲ್ಲಿ ಒಂದು ಫೇಸಿನ ಸುರುಳಿಗೆ ಸುಮಾರು 250 ವೋಲ್ಟ್, ಎಂದರೆ ಅನುಪಾತ 44. ಮನೆಯ ಕಡೆ 230 ವೋಲ್ಟ್ ಇದ್ದರೆ ಮೇಲಿನ ತಂತಿಯಲ್ಲಿ 230 × 44, ಅಂದರೆ 10,000 ವೋಲ್ಟಿಗೂ ಹೆಚ್ಚು!

ಈಗ ಕಾಡಂಚಿನಲ್ಲಿ ಕಂಬ ಹತ್ತಿರುವ ಲೈನ್‌ಮನ್ ಅವರನ್ನು ನೆನೆಯೋಣ. ಉಪಕೇಂದ್ರದಲ್ಲಿ ಮಾರ್ಗವನ್ನು ಬಂದ್ ಮಾಡಲಾಗಿದೆ. ತಂತಿ ಸತ್ತಿದೆ ಎಂದು ಅವರು ನಂಬಿದ್ದಾರೆ. ಆದರೆ ಊರಿನ ಹತ್ತಾರು ಮನೆಗಳ ಸೌರಫಲಕಗಳು ಆ ತುಂಡು ಜಾಲಕ್ಕೆ ವಿದ್ಯುತ್ತನ್ನು ತಳ್ಳುತ್ತಲೇ ಇದ್ದರೆ? ಸುತ್ತಲೂ ಕರೆಂಟಿಲ್ಲದೆ, ಒಂದು ತುಂಡಿನಲ್ಲಿ ಮಾತ್ರ ಜೀವವಿರುವ ಈ ಸ್ಥಿತಿಗೆ ತಂತ್ರಜ್ಞರು ‘ದ್ವೀಪಸ್ಥಿತಿ’ ಎನ್ನುತ್ತಾರೆ. ಒಂದೇ ಮನೆಯ ಸಣ್ಣ ಇನ್ವರ್ಟರು ಇಡೀ ಮಾರ್ಗದ ಹೊರೆಯನ್ನು ಹೊರಲಾರದೆ ಕುಸಿದುಬಿಡುತ್ತದೆ ಎಂಬುದು ನಿಜ. ಆದರೆ ಉತ್ಪಾದನೆ ಮತ್ತು ಬಳಕೆ ಆಕಸ್ಮಿಕವಾಗಿ ಸಮನಾದರೆ ದ್ವೀಪ ಸ್ವಲ್ಪ ಹೊತ್ತು ಉಳಿಯಬಹುದು. ಒಂದು ಜೀವ ಹೋಗಲು ಆ ಸ್ವಲ್ಪ ಹೊತ್ತೇ ಸಾಕು.

ಹೀಗಾಗಿ ಜಾಲದ ಇನ್ವರ್ಟರಿನಲ್ಲಿ ‘ದ್ವೀಪತಡೆ’ ಇರಲೇಬೇಕು. ಇನ್ವರ್ಟರು ವೋಲ್ಟೇಜನ್ನೂ ಆವೃತ್ತಿಯನ್ನೂ ಸದಾ ಅಳೆಯುತ್ತಿರುತ್ತದೆ. ಅಷ್ಟೇ ಅಲ್ಲ, ಅನೇಕ ಇನ್ವರ್ಟರುಗಳು ತಮ್ಮ ಆವೃತ್ತಿಯನ್ನು ಆಗಾಗ ಸ್ವಲ್ಪವೇ ಜಗ್ಗಿ ನೋಡುತ್ತವೆ. ದೊಡ್ಡ ಜಾಲ ಜೊತೆಗಿದ್ದರೆ ಈ ಜಗ್ಗುವಿಕೆಗೆ ಅದು ಅಲುಗುವುದಿಲ್ಲ. ಅಲುಗಿತೆಂದರೆ ಜಾಲ ಜೊತೆಯಲ್ಲಿಲ್ಲ ಎಂದರ್ಥ, ಇನ್ವರ್ಟರು ಕೂಡಲೇ ನಿಲ್ಲುತ್ತದೆ.

ಭಾರತದಲ್ಲಿ ಸಣ್ಣ ಉತ್ಪಾದಕರ ಜೋಡಣೆಗೆ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರ 2013ರಲ್ಲಿ ತಾಂತ್ರಿಕ ನಿಯಮಗಳನ್ನು ಮಾಡಿತು. ಅವುಗಳ ಪ್ರಕಾರ ದ್ವೀಪ ಉಂಟಾದ 2 ಸೆಕೆಂಡಿನೊಳಗೆ ಸಂಬಂಧ ಕಡಿಯಬೇಕು. ವೋಲ್ಟೇಜು ಶೇ. 80ಕ್ಕಿಂತ ಇಳಿದರೆ ಅಥವಾ ಶೇ. 110ನ್ನು ಮೀರಿದರೆ, ಅಂದರೆ 184ಕ್ಕಿಂತ ಕಡಿಮೆ ಅಥವಾ 253ಕ್ಕಿಂತ ಹೆಚ್ಚಾದರೂ ಹಾಗೆಯೇ ಮಾಡಬೇಕು. ಜಾಲ ಮರಳಿ ಬಂದು ಕನಿಷ್ಠ 60 ಸೆಕೆಂಡು ಸ್ಥಿರವಾಗಿ ನಿಂತ ಮೇಲೆಯೇ ಮತ್ತೆ ಜೋಡಣೆಯಾಗಬೇಕು. ಬಿಸಿಲಿದ್ದರೂ ಫ್ಯಾನು ತಿರುಗದಿರುವುದು ಯಂತ್ರದ ದೋಷವಲ್ಲ. ಕಂಬದ ಮೇಲಿರುವ ವ್ಯಕ್ತಿಗೆ ಆ ಮನೆ ಕೊಟ್ಟಿರುವ ಮಾತು ಅದು.

ಕರ್ನಾಟಕದ ದಾರಿ

ಬೆಳಗಾವಿ ಜಿಲ್ಲೆಗೆ ಪ್ರಕೃತಿಶಕ್ತಿಯ ಬಳಕೆ ಹೊಸದಲ್ಲ. ಗೋಕಾಕದಲ್ಲಿ ಘಟಪ್ರಭಾ ನದಿಯ ಧುಮುಕುವ ನೀರಿನ ಬಲವನ್ನು 1887ರಷ್ಟು ಹಿಂದೆಯೇ ಗಿರಣಿಯ ಕೆಲಸಕ್ಕೆ ಹಚ್ಚಲಾಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಲ್ಲಿಂದ ಮುಂದೆ ಒಂದು ಶತಮಾನ ಕಾಲ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯಿತು: ದೊಡ್ಡ ಉತ್ಪಾದನಾ ಕೇಂದ್ರದಿಂದ ಸಣ್ಣ ಮನೆಗೆ. 2002ರಲ್ಲಿ ವಿತರಣೆಯ ಕೆಲಸವನ್ನು ಪ್ರಾದೇಶಿಕ ಕಂಪನಿಗಳಿಗೆ ಹಂಚಿದಾಗ ಬೆಳಗಾವಿ ಜಿಲ್ಲೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ ವ್ಯಾಪ್ತಿಗೆ ಬಂದಿತು.

ಮನೆಗಳನ್ನೇ ಉತ್ಪಾದಕರನ್ನಾಗಿ ಮಾಡುವ ಪ್ರಯತ್ನ ನಮ್ಮ ದೇಶದಲ್ಲಿ ಗಮನ ಸೆಳೆದದ್ದು 2008ರಲ್ಲಿ. ಕೊಲ್ಕತ್ತ ಬಳಿಯ ನ್ಯೂ ಟೌನ್‌ನಲ್ಲಿ ‘ರಬಿರಶ್ಮಿ ಅಬಾಸನ್’ ಎಂಬ 25 ಮನೆಗಳ ಬಡಾವಣೆಯಲ್ಲಿ ಪ್ರತಿ ಮನೆಗೂ ಸುಮಾರು 2 ಕಿಲೊವ್ಯಾಟ್‌ನ ಫಲಕಗಳನ್ನು ಹಾಕಿ ಜಾಲಕ್ಕೆ ಜೋಡಿಸಲಾಯಿತು. 2010ರ ಜನವರಿಯಲ್ಲಿ ರಾಷ್ಟ್ರೀಯ ಸೌರ ಅಭಿಯಾನ ಆರಂಭವಾಯಿತು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಕಡೆಯ ಇಟ್ನಾಳದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 3 ಮೆಗಾವ್ಯಾಟ್ ಸೌರಸ್ಥಾವರ ಜಾಲಕ್ಕೆ ಸೇರಿತು. ಇದು ಮನೆಯದಲ್ಲವಾದರೂ ಜಿಲ್ಲೆಯ ಬಿಸಿಲು ಊರಿನ ತಂತಿಗೆ ಹರಿದ ಮೊದಲ ದೊಡ್ಡ ಉದಾಹರಣೆ.

ಮನೆಗಳ ಸರದಿ ಬಂದದ್ದು ಅನಂತರ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರ ಅಕ್ಟೋಬರಿನಲ್ಲಿ ಸೂರಿನ ಸೌರವಿದ್ಯುತ್ತಿಗೆ ಯೂನಿಟ್ಟಿಗೆ 9.56 ರೂಪಾಯಿ ದರವನ್ನು ನಿಗದಿಪಡಿಸಿತು. ಸಹಾಯಧನ ಪಡೆದವರಿಗೆ 7.20 ರೂಪಾಯಿ. 2014ರ ಸೌರನೀತಿಯಲ್ಲಿ ಸೂರಿನ ಸ್ಥಾವರಗಳಿಗೆ 400 ಮೆಗಾವ್ಯಾಟ್ ಗುರಿ ಇಡಲಾಯಿತು. ಫಲಕದ ಬೆಲೆ ಇಳಿದಂತೆ ದರವೂ ಇಳಿಯಿತು. 2016ರ ಮೇ ತಿಂಗಳಿನಲ್ಲಿ 10 ಕಿಲೊವ್ಯಾಟ್‌ವರೆಗಿನ ಸ್ಥಾವರಗಳಿಗೆ 7.08 ರೂಪಾಯಿ ಆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 4 ರೂಪಾಯಿಗೆ ಬಂದಿತು.

2020ರ ಡಿಸೆಂಬರಿನಲ್ಲಿ ಕೇಂದ್ರದ ‘ಗ್ರಾಹಕರ ಹಕ್ಕುಗಳು’ ನಿಯಮಗಳು ನೆಟ್ ಮೀಟರಿಂಗನ್ನು 10 ಕಿಲೊವ್ಯಾಟಿಗೆ ಸೀಮಿತಗೊಳಿಸಿದವು. ಆಕ್ಷೇಪಗಳು ಬಂದಾಗ 2021ರಲ್ಲಿ ಆ ಮಿತಿಯನ್ನು 500 ಕಿಲೊವ್ಯಾಟಿಗೆ ಏರಿಸಲಾಯಿತು. ವಿದ್ಯುತ್ ಕಂಪನಿಗಳ ಅಳುಕಿಗೂ ಕಾರಣವಿದೆ. ಹಗಲು ಕೊಟ್ಟು ರಾತ್ರಿ ಪಡೆಯುವ ಮನೆ ಜಾಲವನ್ನು ಬ್ಯಾಟರಿಯಂತೆ ಬಳಸುತ್ತದೆ. ಕಂಬ, ಟಿ.ಸಿ., ತಂತಿ, ಲೈನ್‌ಮನ್ ಸಂಬಳ ಇವೆಲ್ಲದರ ಖರ್ಚು ಹಾಗೆಯೇ ಇರುತ್ತದೆ. ಹೆಚ್ಚು ಬಿಲ್ಲು ಕಟ್ಟುತ್ತಿದ್ದವರು ಹೊರಗುಳಿದರೆ ಆ ಹೊರೆ ಸೂರಿಲ್ಲದವರ, ಫಲಕ ಕೊಳ್ಳಲಾಗದವರ ಮೇಲೆ ಬೀಳಬಹುದು.

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿ ಹೊಂದಿದೆ. ಮೊದಲ 2 ಕಿಲೊವ್ಯಾಟಿಗೆ ತಲಾ 30,000 ರೂಪಾಯಿ, 3 ಕಿಲೊವ್ಯಾಟ್ ಮತ್ತು ಹೆಚ್ಚಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವನ್ನು ಇದು ಗೊತ್ತುಪಡಿಸಿತು. ಅದೇ ವರ್ಷದ ನಿಯಮ ತಿದ್ದುಪಡಿಯಿಂದ 10 ಕಿಲೊವ್ಯಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ ಎಂದಾಯಿತು. ಇನ್ನೊಂದೆಡೆ ಕರ್ನಾಟಕದಲ್ಲಿ 2023ರ ಜುಲೈ ಬಳಕೆಯಿಂದ ಗೃಹಜ್ಯೋತಿ ಯೋಜನೆ ಜಾರಿಯಾಗಿ, ತಿಂಗಳಿಗೆ 200 ಯೂನಿಟ್‌ವರೆಗೆ ಸರಾಸರಿ ಬಳಕೆಯ ಆಧಾರದಲ್ಲಿ ಉಚಿತ ವಿದ್ಯುತ್ತು ಬಂದಿತು. ಬಿಲ್ಲೇ ಇಲ್ಲದ ಮನೆಗೆ ಬಿಲ್ಲು ಇಳಿಸುವ ಫಲಕ ಅಷ್ಟಾಗಿ ಆಕರ್ಷಕವಾಗಿ ಕಾಣದಿರುವುದು ಸಹಜ.

ಮರಳಿ ನಂದಗಡಕ್ಕೆ

ಈ ಇತಿಹಾಸವನ್ನು ನಂದಗಡದ ಮನೆಗೆ ಅನ್ವಯಿಸಿ ನೋಡೋಣ. ಊರು ಸುಮಾರು ಹದಿನೈದೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಫಲಕವನ್ನು ದಕ್ಷಿಣಕ್ಕೆ ಅಷ್ಟೇ ಓರೆಯಾಗಿ ಇಡುವುದು ಅನುಕೂಲ. ಹಂಚಿನ ಮನೆಯಾದರೆ ಹಂಚಿನ ಮೇಲಲ್ಲ, ಕೆಳಗಿನ ತೊಲೆ-ಜಂತಿಗಳ ಮೇಲೆ ಭಾರ ಬೀಳುವಂತೆ ಚೌಕಟ್ಟು ಕೂರಿಸಬೇಕು. ಮಾವು ಹಲಸಿನ ನೆರಳನ್ನೂ ಲೆಕ್ಕಿಸಬೇಕು, ಏಕೆಂದರೆ ಸರಣಿಯಾಗಿ ಜೋಡಿಸಿದ ಕೋಶಗಳಲ್ಲಿ ಒಂದಕ್ಕೆ ನೆರಳಾದರೂ ಉಳಿದವುಗಳ ಉತ್ಪಾದನೆ ಕುಗ್ಗುತ್ತದೆ.

ಒಂದು ಕಿಲೊವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಎಂದು ಹಿಡಿದರೆ 3 ಕಿಲೊವ್ಯಾಟಿಗೆ ತಿಂಗಳಿಗೆ 360 ಯೂನಿಟ್. ಇದರಲ್ಲಿ 100 ಯೂನಿಟ್ ಹಗಲಿನಲ್ಲಿ ಮನೆಯಲ್ಲೇ ಬಳಕೆಯಾದರೆ 260 ಯೂನಿಟ್ ಜಾಲಕ್ಕೆ ಹೋಗುತ್ತದೆ. ರಾತ್ರಿ 150 ಯೂನಿಟ್ ಪಡೆದರೆ ನಿವ್ವಳ 110 ಯೂನಿಟ್ ಮನೆಯ ಲೆಕ್ಕಕ್ಕೆ ಜಮೆಯಾಗುತ್ತದೆ. ಮೋಡ ಕವಿದ ಜುಲೈ ತಿಂಗಳಿನಲ್ಲಿ ಉತ್ಪಾದನೆ ಅರ್ಧಕ್ಕೂ ಇಳಿಯಬಹುದು.

ಮಾರ್ಗದ ತುದಿಯ ಮನೆಗಳಿಗೆ ಇನ್ನೊಂದು ತೊಡಕಿದೆ. ಟಿ.ಸಿ.ಯಿಂದ ಮನೆಯವರೆಗಿನ ತಂತಿಯ ಒಟ್ಟು ರೋಧ ಅರ್ಧ ಓಮ್ ಎಂದುಕೊಳ್ಳಿ. 3 ಕಿಲೊವ್ಯಾಟ್ ಹೊರಗೆ ಹರಿದಾಗ ಪ್ರವಾಹ ಸುಮಾರು 13 ಆಂಪಿಯರ್. ಓಮ್‌ನ ನಿಯಮದಂತೆ ಮನೆಯ ಬಳಿ ವೋಲ್ಟೇಜು ಸುಮಾರು ಆರೂವರೆ ಏರುತ್ತದೆ. ಅದೇ ತಂತಿಯ ಮೇಲೆ ಐದಾರು ಮನೆಗಳು ಒಟ್ಟಿಗೆ ಕೊಡತೊಡಗಿದರೆ 253ರ ಗಡಿ ಮುಟ್ಟಿ ಇನ್ವರ್ಟರುಗಳು ನಿಲ್ಲಬಹುದು. ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜು 184ಕ್ಕಿಂತ ಕುಸಿದರೂ ನಿಲ್ಲುತ್ತವೆ. ತಂತಿ ದುರ್ಬಲವಾಗಿದ್ದಲ್ಲಿ ಬಿಸಿಲಿದ್ದರೂ, ಕರೆಂಟಿದ್ದರೂ ಉತ್ಪಾದನೆ ನಷ್ಟವಾಗುತ್ತದೆ. ಸಹಾಯಧನ ಫಲಕವನ್ನು ಮನೆಗೆ ತರುತ್ತದೆ. ಆದರೆ ಆ ಫಲಕದಿಂದ ಪೂರ್ಣ ಪ್ರಯೋಜನ ಸಿಗಬೇಕಾದರೆ ಊರಿನ ತಂತಿ, ಟಿ.ಸಿ.ಗಳೂ ಸುಧಾರಿಸಬೇಕು.

ಹಾಗಾದರೆ ಕರೆಂಟು ಹೋದಾಗ ಬಿಸಿಲನ್ನು ಬಳಸುವ ದಾರಿಯೇ ಇಲ್ಲವೇ? ಇದೆ. ಹೈಬ್ರಿಡ್ ಇನ್ವರ್ಟರು ಜಾಲ ನಿಂತೊಡನೆ ಮನೆಯನ್ನು ಹೊರಗಿನ ತಂತಿಯಿಂದ ಪೂರ್ತಿಯಾಗಿ ಬೇರ್ಪಡಿಸಿ, ಬ್ಯಾಟರಿಯ ನೆರವಿನಿಂದ ಮನೆಯೊಳಗೆ ಮಾತ್ರ ಅಲೆಯನ್ನು ಸೃಷ್ಟಿಸುತ್ತದೆ. ಮನೆ ತಾನೇ ಒಂದು ಸುರಕ್ಷಿತ ದ್ವೀಪವಾಗುತ್ತದೆ. 1990ರ ದಶಕದ ಸೌರದೀಪದ ಬ್ಯಾಟರಿ ಹೀಗೆ ಜಾಲದ ಮನೆಗೂ ಮರಳಿ ಬಂದಿದೆ. ಖರ್ಚು ಹೆಚ್ಚು, ಆದರೆ ಮಳೆನಾಡಿನ ಅಂಚಿನ ಊರುಗಳಲ್ಲಿ ಅಗತ್ಯದ ಒಂದೆರಡು ದೀಪ, ಫ್ಯಾನುಗಳಿಗಷ್ಟೇ ಸಣ್ಣ ಬ್ಯಾಟರಿ ಇಟ್ಟುಕೊಳ್ಳುವುದು ವಿಚಾರ ಮಾಡತಕ್ಕದ್ದು.

ಸುತ್ತಲಿನ ಯಾವುದಾದರೂ ಮನೆಯಲ್ಲಿ ಇಂಥ ವ್ಯವಸ್ಥೆಯಿದ್ದರೆ ಶಿಕ್ಷಕರು ವಿದ್ಯಾರ್ಥಿಗಳನ್ನು ಕರೆದೊಯ್ದು ದ್ವಿಮುಖ ಮೀಟರನ್ನು ತೋರಿಸಬಹುದು. ಪಡೆದ ಯೂನಿಟ್, ಕೊಟ್ಟ ಯೂನಿಟ್ ಎಂಬ ಎರಡು ಅಂಕಿಗಳನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದು ವಾರ ಬರೆದಿಟ್ಟು ನಕ್ಷೆ ಎಳೆಯಲು ಹೇಳಿ. ತಂತಿಗೆ, ಫಲಕದ ಜೋಡಣೆಗೆ ಕೈ ಹಚ್ಚುವುದು ಮಾತ್ರ ಬೇಡ. ಕರೆಂಟು ಹೋಗಿ ಬಂದ ಮೇಲೆ ಇನ್ವರ್ಟರು ಮತ್ತೆ ಕೆಲಸ ಆರಂಭಿಸಲು ಎಷ್ಟು ಸೆಕೆಂಡು ಕಾಯುತ್ತದೆ ಎಂಬುದನ್ನೂ ಗಡಿಯಾರ ಹಿಡಿದು ಅಳೆಯಲಿ. ಆ ಒಂದು ನಿಮಿಷ ಇನ್ವರ್ಟರು ಯಾರ ಸಲುವಾಗಿ ಕಾಯುತ್ತಿದೆ ಎಂದು ಆಗ ಕೇಳಿ ನೋಡಿ.